ಬೆಳಕಿನ ತಂತಿಗೆ ಗಂಟು ಹಾಕೋದು ಹೇಗೆ? ಫೈಬರ್ ಕನೆಕ್ಟರ್‌ಗಳ ಕಥೆ

ಇವತ್ತಿನ ಸಂಚಿಕೆಯ ವಿಷಯ ನನ್ನ ಕ್ಷೇತ್ರದ್ದಲ್ಲ. ನಾನು ಜೀವಕೋಶಗಳ ಮೇಲೆ ಕೆಲಸ ಮಾಡೋಳು, ಕೇಬಲ್ ಬಗ್ಗೆ ಮಾತಾಡೋಕೆ ನಿಮಗೇನು ಅಧಿಕಾರ ಅಂತ ನೀವು ಕೇಳಬಹುದು. ಅಧಿಕಾರ ಏನೂ ಇಲ್ಲ. ಆದರೆ ಒಂದು ಕೇಬಲ್ಲಿನ ತುದಿಯಲ್ಲಿ ಕೂತಿದ್ದ ಕೊಳೆ ನನ್ನ ಆರು ವಾರದ ಕೆಲಸವನ್ನು ನುಂಗಿದೆ. ಆ ಸಿಟ್ಟಿನಲ್ಲಿ ಓದಿಕೊಂಡದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಆಗಿದ್ದು ಹೀಗೆ. ಇಲ್ಲಿ ಜರ್ಮನಿಯಲ್ಲಿ ನಮ್ಮ ಲ್ಯಾಬಿನಲ್ಲಿ ಒಂದು ಕಾನ್‌ಫೋಕಲ್ ಮೈಕ್ರೋಸ್ಕೋಪ್ ಇದೆ. ಅದರ ಲೇಸರ್ ಪಕ್ಕದ ಪೆಟ್ಟಿಗೆಯಲ್ಲಿರುತ್ತೆ, ಬೆಳಕು ಒಂದು ಫೈಬರ್ ಮೂಲಕ ಮೈಕ್ರೋಸ್ಕೋಪಿಗೆ ಬರುತ್ತೆ. ಕೋಶದೊಳಗಿನ ಒಂದು ಪ್ರೋಟೀನಿಗೆ ಹಸಿರು ಹೊಳಪಿನ ಗುರುತು ಅಂಟಿಸಿ, ಒಂದು ಔಷಧ ಕೊಟ್ಟ ಮೇಲೆ ಆ ಹೊಳಪು ವಾರದಿಂದ ವಾರಕ್ಕೆ ಎಷ್ಟು ಬದಲಾಗುತ್ತೆ ಅಂತ ನಾನು ಅಳೀತಿದ್ದೆ. ಹೊಳಪು ಇಳೀತಾ ಹೋಯ್ತು. ಔಷಧದಿಂದ ಪ್ರೋಟೀನ್ ಕಮ್ಮಿ ಆಗ್ತಿದೆ ಅಂದುಕೊಂಡು ಖುಷಿಪಟ್ಟೆ. ಗ್ರಾಫ್ ಕೂಡ ತಯಾರಾಯ್ತು. ಔಷಧ ಕೊಡದ ಕೋಶಗಳನ್ನು ಮೊದಲ ವಾರ ಮಾತ್ರ ಅಳೆದು ಸುಮ್ಮನಾಗಿದ್ದೆ, ಅದು ನನ್ನದೇ ತಪ್ಪು. ಕೊನೆಗೆ ಸಹೋದ್ಯೋಗಿಯೊಬ್ಬರು, 'ಲೆನ್ಸಿನ ಹತ್ತಿರ ಲೇಸರ್ ಪವರ್ ಅಳೆದಿದ್ದೀಯಾ?' ಅಂತ ಕೇಳಿದರು. ಅಳೆದರೆ, ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಕಮ್ಮಿ ಆಗಿದ್ದು ಪ್ರೋಟೀನ್ ಅಲ್ಲ, ಬೆಳಕು! ಫೈಬರಿನ ಕನೆಕ್ಟರ್ ಬಿಚ್ಚಿ ತುದಿಯನ್ನು ದೊಡ್ಡದು ಮಾಡಿ ನೋಡಿದಾಗ, ನಟ್ಟನಡುವೆ ಸುಟ್ಟು ಕರಕಲಾದ ಒಂದು ಚುಕ್ಕೆ ಕಾಣಿಸ್ತು.

ಸರಿ, ಮೊದಲಿಂದ ಶುರು ಮಾಡೋಣ. ಫೈಬರ್ ಅಂದರೆ ಏನು? ಬಹಳ ಶುದ್ಧವಾದ ಗಾಜಿನ ಎಳೆ. ಹೊರಗಿನ ವ್ಯಾಸ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರ ಮಧ್ಯದಲ್ಲಿ ಕೋರ್ ಅನ್ನೋ ತಿರುಳು ಇರುತ್ತೆ, ಬೆಳಕು ಹೋಗೋದು ಅದರಲ್ಲಿ. ದೂರಸಂಪರ್ಕದ ಸಿಂಗಲ್ ಮೋಡ್ ಫೈಬರ್‌ನಲ್ಲಿ ಈ ತಿರುಳು ಸುಮಾರು 9 ಮೈಕ್ರಾನ್. ನಮ್ಮ ಕೆಂಪು ರಕ್ತಕಣ 7-8 ಮೈಕ್ರಾನ್ ಇರುತ್ತೆ, ಅದಕ್ಕಿಂತ ಕೂದಲಷ್ಟು ದೊಡ್ಡದು ಅನ್ನೋಣ ಅಂದರೆ ಕೂದಲೇ ಇದರ ಹತ್ತು ಪಟ್ಟು ಹತ್ತಿರ ದಪ್ಪ! ನಾಲ್ಕೈದು ಇ-ಕೊಲೈ ಬ್ಯಾಕ್ಟೀರಿಯಾಗಳನ್ನು ಉದ್ದಕ್ಕೆ ಸಾಲಾಗಿ ಮಲಗಿಸಿದರೆ ತಿರುಳಿನ ಅಡ್ಡಗಲ ಮುಗಿದುಹೋಗುತ್ತೆ.

ಬೆಳಕು ಹೊರಗೆ ಸೋರಿಹೋಗಲ್ವಾ? ಬಾವಿಯಲ್ಲಿ ಈಜಿದವರಿಗೆ ಗೊತ್ತಿರುತ್ತೆ. ನೀರೊಳಗಿಂದ ಓರೆಯಾಗಿ ಮೇಲೆ ನೋಡಿದರೆ ಆಕಾಶ ಕಾಣಲ್ಲ, ನೀರಿನ ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತೆ. ಇದು ಪೂರ್ಣ ಆಂತರಿಕ ಪ್ರತಿಫಲನ. ತಿರುಳಿನ ವಕ್ರೀಭವನಾಂಕ ಸುತ್ತಲಿನ ಗಾಜಿಗಿಂತ ಸ್ವಲ್ಪ ಹೆಚ್ಚಿರೋದರಿಂದ ಬೆಳಕು ಒಳಗೇ ಉಳಿದು ಮುಂದಕ್ಕೆ ಸಾಗುತ್ತೆ.

ಈಗ ತಾಮ್ರದ ವಿಷಯ. ತಾಮ್ರದ ತಂತಿಯಲ್ಲಿ ಹೆಚ್ಚು ಮಾಹಿತಿ ಕಳಿಸಬೇಕಂದ್ರೆ ಆವರ್ತನ ಏರಿಸಬೇಕು. ಆವರ್ತನ ಏರಿದಷ್ಟೂ ವಿದ್ಯುತ್ತು ತಂತಿಯ ಮೈಗೆ, ಅಂದರೆ ಹೊರ ಪದರಕ್ಕೆ ಒತ್ತರಿಸಿಕೊಳ್ಳುತ್ತೆ. ದಾರಿ ಕಿರಿದಾಗುತ್ತೆ, ನಷ್ಟ ಹೆಚ್ಚಾಗುತ್ತೆ. ಪಕ್ಕದ ತಂತಿಯ ಮಾತು ಇದರೊಳಗೆ ನುಸುಳುತ್ತೆ, ಮೋಟರು, ಸಿಡಿಲು ಎಲ್ಲವೂ ಸದ್ದು ಸೇರಿಸ್ತವೆ. ಅದಕ್ಕೇ ಕಚೇರಿಗಳಲ್ಲಿರೋ ಈಥರ್‌ನೆಟ್ ಕೇಬಲ್ಲಿಗೆ 100 ಮೀಟರಿನ ಮಿತಿ. ಗಾಜಿಗೆ ಈ ತೊಂದರೆ ಇಲ್ಲ, ಆದರೆ ಅದಕ್ಕೆ ಬೇರೆಯದೇ ಶತ್ರು ಇತ್ತು: ಕಲ್ಮಶ. 1966ರಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಒಂದು ಲೆಕ್ಕ ಕೊಟ್ಟರು. ಒಂದು ಕಿಲೋಮೀಟರ್ ಸಾಗಿದ ಮೇಲೆ ಶೇಕಡಾ 1ರಷ್ಟು ಬೆಳಕು ಉಳಿದರೂ ಸಾಕು, ದೂರಸಂಪರ್ಕ ಸಾಧ್ಯ. ಅಡ್ಡಿ ಗಾಜಿನದ್ದಲ್ಲ, ಗಾಜಿನೊಳಗಿನ ಕಲ್ಮಶದ್ದು ಅಂದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್ ಮತ್ತು ಶುಲ್ಟ್ಸ್ ಆ ಗುರಿ ದಾಟಿದರು. ಇವತ್ತಿನ ಫೈಬರ್‌ನಲ್ಲಿ ಅದೇ ಶೇಕಡಾ 1 ಬೆಳಕು ಉಳಿಯೋದು ಸುಮಾರು 100 ಕಿಲೋಮೀಟರ್ ಆದಮೇಲೆ! ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಹಾಗಾದ್ರೆ ತಾಮ್ರ ಇಷ್ಟು ವರ್ಷ ಯಾಕೆ ಉಳೀತು? ಒಂದು, ಅದು ಆಗಲೇ ನೆಲದಲ್ಲಿತ್ತು. ನಾನಿರುವ ಜರ್ಮನಿಯೇ ಉದಾಹರಣೆ. 1981ರಲ್ಲಿ ಹೆಲ್ಮುಟ್ ಶ್ಮಿಟ್ ಸರ್ಕಾರ ದೇಶಕ್ಕೆಲ್ಲ ಫೈಬರ್ ಹಾಕುವ ಯೋಚನೆ ಮಾಡಿತ್ತು. ನಂತರ ಬಂದ ಹೆಲ್ಮುಟ್ ಕೋಲ್ ಸರ್ಕಾರ ಟಿವಿ ಚಾನೆಲ್‌ಗಳಿಗೋಸ್ಕರ ತಾಮ್ರದ ಕೋಆಕ್ಸಿಯಲ್ ಕೇಬಲ್ಲಿಗೆ ಒತ್ತು ಕೊಟ್ಟಿತು. ಆಮೇಲೆ ಹಳೆಯ ಟೆಲಿಫೋನ್ ತಂತಿಯಿಂದಲೇ ವೇಗ ಹಿಂಡುವ ಪ್ರಯತ್ನ ದಶಕಗಟ್ಟಲೆ ನಡೀತು. ಈಗ ನಮ್ಮ ಬೀದಿಯ ಫುಟ್‌ಪಾತ್ ಅಗೀತಿದ್ದಾರೆ.

ಇನ್ನೊಂದು ಕಾರಣ, ತಾಮ್ರವನ್ನು ಜೋಡಿಸೋದು ಸುಲಭ. ಊರಲ್ಲಿ ಲೈನ್‌ಮನ್ ಹಲ್ಲಲ್ಲೇ ಸಿಪ್ಪೆ ಕಿತ್ತು, ಎರಡು ತುದಿ ಹೊಸೆದು, ಟೇಪ್ ಸುತ್ತಿ ಹೋಗ್ತಿದ್ದದ್ದು ನೆನಪಿದೆಯಲ್ಲ? ಲೋಹಕ್ಕೆ ಲೋಹ ಎಲ್ಲಾದರೂ ತಾಗಿದರೆ ಸಾಕು. ಗಾಜಿನಲ್ಲಿ ಹಾಗಲ್ಲ, 9 ಮೈಕ್ರಾನಿನ ತಿರುಳಿಗೆ ಇನ್ನೊಂದು 9 ಮೈಕ್ರಾನಿನ ತಿರುಳು ನೇರ ಎದುರಾಗಬೇಕು. 5 ಮೈಕ್ರಾನ್ ಪಕ್ಕಕ್ಕೆ ಸರಿದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಹೋಯ್ತು. ಕಾಯಂ ಜೋಡಣೆ ಬೇಕಾದರೆ ವಿದ್ಯುತ್ ಕಿಡಿಯಿಂದ ಎರಡೂ ತುದಿ ಕರಗಿಸಿ ಬೆಸೀತಾರೆ. ಬೇಕಾದಾಗ ಬಿಚ್ಚಿ ಹಾಕುವ ಹಾಗಿರಬೇಕಂದ್ರೆ ಕನೆಕ್ಟರ್ ಬೇಕು.

ಕನೆಕ್ಟರಿನ ಹೃದಯ ಅಂದರೆ ಫೆರೂಲ್, ಸಾಮಾನ್ಯವಾಗಿ ಜಿರ್ಕೋನಿಯಾ ಸೆರಾಮಿಕ್ಕಿನ ಒಂದು ಪುಟ್ಟ ಕಡ್ಡಿ. ಎಸ್‌ಸಿ ಅನ್ನೋ ಚೌಕ ಕನೆಕ್ಟರಿನಲ್ಲಿ ಅದರ ವ್ಯಾಸ 2.5 ಮಿಲಿಮೀಟರ್, ಸಣ್ಣ ಎಲ್‌ಸಿಯಲ್ಲಿ 1.25. ಅದರ ನಟ್ಟನಡುವಿನ ರಂಧ್ರದಲ್ಲಿ ಫೈಬರ್ ಕೂರಿಸಿ, ತುದಿಯನ್ನು ತುಸು ಉಬ್ಬಿದ ಹಾಗೆ ಪಾಲಿಶ್ ಮಾಡ್ತಾರೆ. ಎರಡು ಫೆರೂಲ್‌ಗಳು ಒಂದು ಕೊಳವೆಯಲ್ಲಿ ಎದುರುಬದುರಾಗಿ, ಸ್ಪ್ರಿಂಗಿನ ಒತ್ತಡಕ್ಕೆ ಗಾಜು ಗಾಜನ್ನು ಮುಟ್ಟುತ್ತೆ. ಮುಟ್ಟಲೇಬೇಕು. ನಡುವೆ ಗಾಳಿ ಉಳಿದರೆ ಪ್ರತಿ ಮೇಲ್ಮೈಯಿಂದ ಸುಮಾರು ಶೇಕಡಾ 4ರಷ್ಟು ಬೆಳಕು ವಾಪಸ್ ಹೋಗುತ್ತೆ. ಎರಡು ಮೇಲ್ಮೈ ಸೇರಿ ಆಗುವ ನಷ್ಟ ಸುಮಾರು ಒಂದೂವರೆ ಕಿಲೋಮೀಟರ್ ಗಾಜಿಗೆ ಸಮ. ವಾಪಸ್ ಹೋದ ಬೆಳಕು ಲೇಸರಿಗೂ ಕಿರಿಕಿರಿ ಮಾಡುತ್ತೆ. ಅದಕ್ಕೆ ಒಂದು ಜಾಣ ಉಪಾಯ: ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜೋದು. ಪ್ರತಿಫಲಿಸಿದ ಬೆಳಕು ತಿರುಳಿಗೆ ಮರಳದೆ ಪಕ್ಕಕ್ಕೆ ಹೋಗಿಬಿಡುತ್ತೆ. ಓರೆ ತುದಿಯದು ಹಸಿರು, ಓರೆ ಇಲ್ಲದ್ದು ನೀಲಿ. ಹಸಿರಿಗೆ ನೀಲಿ ಜೋಡಿಸಬಾರದು, ಗಾಜು ಸರಿಯಾಗಿ ಮುಟ್ಟೋದೇ ಇಲ್ಲ.

ಇಷ್ಟೆಲ್ಲ ನಿಖರವಾಗಿ ಮಾಡಿದ್ದನ್ನ ಒಂದು ಧೂಳಿನ ಕಣ ಕೆಡಿಸಬಲ್ಲದು. ಬೆರಳಿನ ಎಣ್ಣೆ ಸಾಕು. ಶಕ್ತಿಯುತ ಲೇಸರ್ ಇದ್ದರೆ ಆ ಕೊಳೆ ಅಲ್ಲೇ ಸುಟ್ಟು ಗಾಜಿಗೇ ಅಂಟಿಕೊಳ್ಳುತ್ತೆ. ನನಗೆ ಆಗಿದ್ದು ಇದೇ. ನಮ್ಮ ಮೈಕ್ರೋಸ್ಕೋಪಿನ ಫೈಬರ್ ನೀಲಿ ಬೆಳಕಿನದು, ತಿರುಳು ಇನ್ನೂ ಸಣ್ಣ, 4 ಮೈಕ್ರಾನ್ ಆಸುಪಾಸು.

ನಾನೊಬ್ಬಳೇ ಮೋಸಹೋದೆ ಅಂತ ಬೇಜಾರಾಗಿದ್ದಾಗ ನೆನಪಾಗಿದ್ದು ಓಪೆರಾ ಪ್ರಯೋಗ. 2011ರ ಸೆಪ್ಟೆಂಬರ್. ಜಿನೀವಾದ ಸರ್ನ್‌ನಿಂದ ಹೊರಟ ನ್ಯೂಟ್ರಿನೋಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿಯ ಪ್ರಯೋಗಾಲಯಕ್ಕೆ ಬೆಳಕಿಗಿಂತ 60 ನ್ಯಾನೋಸೆಕೆಂಡ್ ಬೇಗ ಬಂದವು ಅಂತ ಸುದ್ದಿ. ಐನ್‌ಸ್ಟೈನ್ ತಪ್ಪಾ ಅಂತ ಜಗತ್ತೆಲ್ಲ ಚರ್ಚೆ. ಕೆಲವು ತಿಂಗಳ ನಂತರ ಗೊತ್ತಾಗಿದ್ದು: ಜಿಪಿಎಸ್ ಸಮಯವನ್ನು ನೆಲದ ಮೇಲಿಂದ ಬೆಟ್ಟದ ಒಳಗಿನ ಗಡಿಯಾರಕ್ಕೆ ತರುವ ಫೈಬರಿನ ಕನೆಕ್ಟರ್ ಪೂರ್ತಿ ಬಿಗಿಯಾಗಿರಲಿಲ್ಲ. ಬೆಳಕು ಕಮ್ಮಿ ಬಂದದ್ದರಿಂದ ಅದನ್ನು ಗ್ರಹಿಸುವ ಸರ್ಕ್ಯೂಟು ಸಂಕೇತ ಗುರುತಿಸೋಕೆ 70ಕ್ಕೂ ಹೆಚ್ಚು ನ್ಯಾನೋಸೆಕೆಂಡ್ ತಡಮಾಡ್ತಿತ್ತು. ಗಡಿಯಾರ ಹಿಂದೆ ಬಿತ್ತು, ನ್ಯೂಟ್ರಿನೋ ಮುಂದೆ ಬಂದ ಹಾಗೆ ಕಂಡಿತು. ಗಡಿಯಾರದಲ್ಲೇ ಇನ್ನೊಂದು ಸಣ್ಣ ದೋಷ ಉಲ್ಟಾ ದಿಕ್ಕಿನಲ್ಲಿತ್ತು. ಎರಡನ್ನೂ ಸರಿಮಾಡಿದ ಮೇಲೆ ಆ ಮುನ್ನಡೆ ಮಾಯವಾಯ್ತು. 2012ರ ಮಾರ್ಚ್‌ನಲ್ಲಿ ಪ್ರಯೋಗದ ಇಬ್ಬರು ಮುಂದಾಳುಗಳು ಸ್ಥಾನ ಬಿಟ್ಟುಕೊಟ್ಟರು.

ಗಮನಿಸಿ, ಎರಡೂ ಕಡೆ ಕನೆಕ್ಟರ್ ಪೂರ್ತಿ ಕೆಟ್ಟಿರಲಿಲ್ಲ. ಪೂರ್ತಿ ಕೆಟ್ಟಿದ್ದರೆ ಅದೇ ದಿನ ಗೊತ್ತಾಗ್ತಿತ್ತು. ಅರ್ಧ ಕೆಲಸ ಮಾಡುವ ಕನೆಕ್ಟರ್ ನಂಬುವಂಥ ಸುಳ್ಳು ಹೇಳುತ್ತೆ.

ಈಗ ನಮ್ಮ ಮನೆಗಳ ಮಾತು. ಕರ್ನಾಟಕದ ಸಣ್ಣ ಊರುಗಳಿಗೂ ಈಗ ಫೈಬರ್ ಬಂದಿದೆ. ಅಪ್ಪ ಅಮ್ಮ ಫೋನ್ ಮಾಡಿ 'ಪೆಟ್ಟಿಗೇಲಿ ಕೆಂಪು ಲೈಟ್ ಬರ್ತಿದೆ, ನೆಟ್ ಇಲ್ಲ' ಅಂತಾರಲ್ಲ, ಆ ಎಲ್‌ಒಎಸ್ ದೀಪದ ಅರ್ಥ ಬೆಳಕು ಬಂದು ತಲುಪ್ತಿಲ್ಲ ಅಂತ. ಅವರಿಗೆ ನೀವು ಹೇಳಬೇಕಾದ್ದು ಇಷ್ಟು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಫೈಬರ್ ತೀರಾ ಬಾಗಿದರೆ ಬೆಳಕು ಸೋರುತ್ತೆ. ಹಸಿರು ತಲೆಯನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ. ಬಿಚ್ಚಿದರೆ ತುದಿ ಮುಟ್ಟಬೇಡಿ, ಬಾಯಲ್ಲಿ ಊದಬೇಡಿ, ಪಂಚೆಯ ಅಂಚಿನಲ್ಲಿ ಒರೆಸಬೇಡಿ, ಮುಚ್ಚಳ ಹಾಕಿಡಿ. ಒಳಗೆ ಕಣ್ಣಿಟ್ಟು ನೋಡಲೇಬೇಡಿ, ಅದು ಅವಗೆಂಪು ಬೆಳಕು, ಕಣ್ಣಿಗೆ ಕಾಣಲ್ಲ. ಇನ್ನೊಂದು ಮಾತು: ಹಳೆಯ ಲ್ಯಾಂಡ್‌ಲೈನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರ್ತಿತ್ತು, ಗಾಜಿನಲ್ಲಿ ಬರಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೂ ಫೋನ್ ನಡೀಬೇಕಂದ್ರೆ ಆ ಪೆಟ್ಟಿಗೆಗೊಂದು ಸಣ್ಣ ಬ್ಯಾಟರಿ ತಂದುಕೊಡಿ.

ನನ್ನ ಪ್ರಯೋಗ? ಹೊಸ ಫೈಬರ್ ಹಾಕಿಸಿ, ಆ ಗ್ರಾಫನ್ನು ಕಸಕ್ಕೆ ಹಾಕಿ, ಪೂರ್ತಿ ಮತ್ತೆ ಮಾಡಿದೆ. ಔಷಧಕ್ಕೂ ಆ ಪ್ರೋಟೀನಿಗೂ ಏನೂ ಸಂಬಂಧ ಕಾಣಲಿಲ್ಲ. ಈಗ ಪ್ರತಿ ಸೋಮವಾರ ಬೆಳಿಗ್ಗೆ ಕಾಫಿಗೆ ಮುಂಚೆ ಲೇಸರ್ ಪವರ್ ಅಳೆದು ಪುಸ್ತಕದಲ್ಲಿ ಬರೀತೀನಿ. ಔಷಧ ಕೊಡದ ಕೋಶಗಳನ್ನೂ ಪ್ರತಿ ವಾರ ಅಳೀತೀನಿ.

ನಿಮ್ಮ ಮನೆಯ ಕೆಂಪು ದೀಪದ ಕಥೆಗಳಿದ್ದರೆ ಬರೆದು ಕಳಿಸಿ.