ನಿಧಾನವಾದ ಗಣಕಯಂತ್ರ

ಮನೆಯ ಗಣಕಯಂತ್ರವು ನಿಧಾನವಾದೊಡನೆ ಹೊಸದನ್ನು ಕೊಳ್ಳಲು ಆತುರಪಡಬೇಕಾಗಿಲ್ಲ. ಯಂತ್ರದೊಡನೆ ತಾವಾಗಿಯೇ ಆರಂಭವಾಗುವ ಅನಗತ್ಯ ತಂತ್ರಾಂಶಗಳನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ತಡೆಹಿಡಿಯಬಹುದು. ವೈರಸ್ ನಿರೋಧಕವನ್ನು ಮಾತ್ರ ಮುಟ್ಟಬಾರದು. ರ‍್ಯಾಮ್ ಸದಾ ತುಂಬಿರುತ್ತಿದ್ದರೆ ಅದನ್ನು ಹೆಚ್ಚಿಸುವುದು ಲೇಸು.

ಆದರೆ ವಿಳಂಬದ ಮೂಲವು ಬಹುಮಟ್ಟಿಗೆ ಹಳೆಯ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಅದರ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿದ್ದರೂ, ಓದುವ ಭಾಗವು ಮಾಹಿತಿಯಿರುವ ಸ್ಥಳಕ್ಕೆ ಸರಿಯುವುದರಲ್ಲಿಯೇ ಕಾಲ ಕಳೆಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲ. ಡಿಸ್ಕನ್ನು ತೆಗೆದು ಇದನ್ನು ಅಳವಡಿಸಿದರೆ, ಮುದಿಯಂತ್ರವೂ ಚುರುಕಾಗುವುದನ್ನು ಕಾಣಬಹುದು. ಖರ್ಚು ಮಾಡುವುದಾದರೆ ಇದಕ್ಕೇ ಮೊದಲು ಮಾಡುವುದು ಒಳಿತು.

ಒಂದು ಎಚ್ಚರಿಕೆ. ನಿಧಾನದೊಡನೆ ಡಿಸ್ಕಿನಿಂದ ಕಟಕಟ ಸದ್ದೂ ಕೇಳಿಬಂದರೆ ಅದು ಕೆಡುತ್ತಿರುವ ಸೂಚನೆಯಾಗಿರಬಹುದು. ಆಗ ವೇಗದ ವಿಚಾರವನ್ನು ಬದಿಗಿಟ್ಟು, ಮನೆಯವರ ಛಾಯಾಚಿತ್ರ, ದಾಖಲೆಪತ್ರಗಳ ಪ್ರತಿಯನ್ನು ಅಂದೇ ಬೇರೆಡೆ ತೆಗೆದಿರಿಸಿಕೊಳ್ಳತಕ್ಕದ್ದು.