ಪರದೇಶದಿಂದ ಬಂದ ಫೋನಿಗೆ ಬೀಗ: ಕೀಲಿ ಯಾರ ಕೈಲಿದೆ?

ಅಮೆರಿಕದಲ್ಲಿರುವ ಮಗನೋ ಮಗಳೋ ರಜೆಗೆ ಬಂದರೆ, ಪೆಟ್ಟಿಗೆಯೊಳಗೆ ಬಾದಾಮಿ, ಚಾಕೊಲೇಟುಗಳ ನಡುವೆ ಅಮ್ಮನಿಗೆಂದು ಒಂದು ಹೊಸ ಫೋನೂ ಇರುವುದುಂಟು. ಥಳಥಳ ಹೊಳೆಯುವ ಪರದೆ, ಒಳ್ಳೆಯ ಕ್ಯಾಮೆರಾ, ಬೆಲೆಯೂ ಅಲ್ಲಿ ಅಗ್ಗವಂತೆ. ಮಕ್ಕಳು ವಿಮಾನ ಹತ್ತಿದ ಮೇಲೆ ನಿಮ್ಮ ಹಳೆಯ ಫೋನಿನ ಸಿಮ್ ತೆಗೆದು ಇದಕ್ಕೆ ಹಾಕುತ್ತೀರಿ. ಈ ಸಿಮ್ ಇಲ್ಲಿ ನಡೆಯುವುದಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಮೂಡುತ್ತದೆ! ಪಾಪ, ಆಸೆಯಿಂದ ತಂದ ಮಗು, ಹೇಳಿದರೆ ನೊಂದುಕೊಳ್ಳುತ್ತೆ ಅಂತ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಡುವ ತಾಯಂದಿರಿದ್ದಾರೆ. ನಿಮ್ಮ ಮನೆಯಲ್ಲೂ ಅಂಥದೊಂದು ಇದೆಯೇ? ಹಾಗಿದ್ದರೆ ಗಾಬರಿ ಬೇಡ. ಬಹುಪಾಲು ಆ ಫೋನು ಕೆಟ್ಟಿರುವುದಿಲ್ಲ. ಅದಕ್ಕೆ ಬೀಗ ಹಾಕಿರುತ್ತಾರೆ, ಅಷ್ಟೇ.

ಬೀಗ ಏಕೆ?

ಅಮೆರಿಕದಲ್ಲಿ ಪ್ರೀಪೇಯ್ಡ್ ಫೋನುಗಳನ್ನು ದೊಡ್ಡ ದೊಡ್ಡ ಅಂಗಡಿಗಳಲ್ಲಿ ಬೇರೆ ಸಾಮಾನುಗಳ ಜೊತೆಯಲ್ಲೇ ಮಾರುತ್ತಾರೆ. ಎಷ್ಟೋ ಸಲ ಫೋನ್ ಕಂಪನಿಯು ಅಸಲಿಗಿಂತ ಕಡಿಮೆಗೆ ಕೊಟ್ಟು, ಆ ನಷ್ಟವನ್ನು ತಿಂಗಳು ತಿಂಗಳ ರೀಚಾರ್ಜಿನಲ್ಲಿ ತುಂಬಿಕೊಳ್ಳುತ್ತದೆ. ಪ್ರೀಪೇಯ್ಡ್‌ನಲ್ಲಿ ವರ್ಷಗಟ್ಟಲೆಯ ಕರಾರು ಇರುವುದಿಲ್ಲ. ಕೊಂಡವರು ಮರುದಿನವೇ ಬೇರೆ ಕಂಪನಿಯ ಸಿಮ್ ಹಾಕಿದರೆ ಕಂಪನಿಗೆ ಗತಿ ಏನು? ಅದಕ್ಕೇ ಈ ಬೀಗ. ತನ್ನ ಸಿಮ್ ಬಿಟ್ಟು ಬೇರೆ ಯಾವುದನ್ನೂ ಒಪ್ಪದಂತೆ ಫೋನಿನೊಳಗೆ ಬರೆದಿಟ್ಟಿರುತ್ತಾರೆ. ದುಡ್ಡು ಕೊಟ್ಟು ಕೊಂಡ ಪಾತ್ರೆಯಲ್ಲಿ ಅಂಗಡಿಯವನು ಹೇಳಿದ ಬೇಳೆಯನ್ನೇ ಬೇಯಿಸಬೇಕು ಎಂದ ಹಾಗೆ!

ಈ ಬೀಗ ತೆಗೆಸುವ ಹಕ್ಕಿಗಾಗಿ ಅಮೆರಿಕದ ಜನರೂ ಹೋರಾಡಬೇಕಾಯಿತು. 2013ರ ಜನವರಿಯಿಂದ, ಹೊಸದಾಗಿ ಕೊಂಡ ಫೋನಿನ ಬೀಗವನ್ನು ಕಂಪನಿಯ ಅನುಮತಿಯಿಲ್ಲದೆ ತೆಗೆಯುವುದು ಕೃತಿಸ್ವಾಮ್ಯದ ಕಾನೂನಿಗೆ ವಿರುದ್ಧ ಎಂದಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಕೊನೆಗೆ 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾನೂನು ಆ ತಡೆಯನ್ನು ತೆಗೆಯಿತು. ಅಲ್ಲಿಯ ದೊಡ್ಡ ಕಂಪನಿಗಳ ಸಂಘವೂ ಒಂದು ನಿಯಮ ಒಪ್ಪಿಕೊಂಡಿತು. ಪ್ರೀಪೇಯ್ಡ್ ಫೋನು ಚಾಲೂ ಆಗಿ ಹೆಚ್ಚೆಂದರೆ ಒಂದು ವರ್ಷದೊಳಗೆ, ಷರತ್ತುಗಳು ಪೂರೈಸಿದ್ದರೆ, ಕೇಳಿದವರಿಗೆ ಬೀಗ ತೆಗೆದುಕೊಡಬೇಕು ಎಂಬುದೇ ಆ ನಿಯಮ.

"ಕೇಳಿದವರಿಗೆ" ಎಂಬ ಮಾತನ್ನು ಗಮನಿಸಿ. ಅನೇಕ ಕಡೆ ಕೇಳದೆ ಯಾರೂ ಕೊಡುವುದಿಲ್ಲ.

ಕೇಳುವುದು ಹೇಗೆ?

ಕೀಲಿ ಇರುವುದು ಫೋನು ಮಾರಿದ ಕಂಪನಿಯ ಕೈಯಲ್ಲಿ. ಖಾತೆ ಮಗನ ಹೆಸರಿನಲ್ಲಿದ್ದರೆ ಕೇಳಬೇಕಾದವನೂ ಅವನೇ. ನೀವು ಅವನಿಗೆ ಫೋನಿನ ಗುರುತಿನ ಸಂಖ್ಯೆ ಕಳಿಸಿದರೆ ಸಾಕು. ಕರೆ ಮಾಡುವ ಜಾಗದಲ್ಲಿ *#06# ಒತ್ತಿ. ಐಎಂಇಐ ಎಂಬ 15 ಅಂಕಿಯ ಸಂಖ್ಯೆ ಬರುತ್ತದೆ. ಅದನ್ನು ಡೈರಿಯಲ್ಲೂ ಬರೆದಿಡಿ. ಫೋನು ಕಳೆದರೆ ಪೊಲೀಸ್ ದೂರಿಗೂ ಅದೇ ಬೇಕು.

ಕಂಪನಿ ಸಾಮಾನ್ಯವಾಗಿ ನೋಡುವುದು ಮೂರು ಸಂಗತಿ: ಫೋನಿನ ಹಣ ಪೂರ್ತಿ ಸಂದಿದೆಯೇ, ಕಳವಾದದ್ದೆಂದು ದೂರು ಇದೆಯೇ, ತನ್ನ ಸೇವೆಯಲ್ಲಿ ನಿಗದಿಯಾದ ಅವಧಿ ನಡೆದಿದೆಯೇ. ಈ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ. ಆರು ತಿಂಗಳು ಕೇಳುವವರಿದ್ದಾರೆ, ಒಂದು ವರ್ಷ ಕೇಳುವವರೂ ಇದ್ದಾರೆ. ಎಡವುವುದೇ ಇಲ್ಲಿ. ಅವಧಿಯೆಂದರೆ ಅಲ್ಲಿಯ ರೀಚಾರ್ಜಿನೊಂದಿಗೆ ಫೋನು ನಡೆದ ಅವಧಿ. ನಮ್ಮ ಬೀರುವಿನಲ್ಲಿ ವರ್ಷ ಮಲಗಿದ್ದರೆ ಅದು ಲೆಕ್ಕಕ್ಕೆ ಬಾರದು.

ಷರತ್ತು ಪೂರೈಸಿದ್ದರೆ ಬೀಗ ತೆಗೆಯುವ ಕ್ರಮ ಫೋನಿನಂತೆ. ಐಫೋನ್ ಆದರೆ ಕಂಪನಿ ದೂರದಿಂದಲೇ ತೆಗೆಯುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಿಗೆ ಒಂದು ಸಂಕೇತ ಸಂಖ್ಯೆ ಕೊಡುತ್ತಾರೆ; ಬೇರೆ ಸಿಮ್ ಹಾಕಿದಾಗ ಫೋನು ಕೇಳುತ್ತದೆ, ಆಗ ಅದನ್ನು ಒತ್ತಬೇಕು. ಅಂದಾಜಿನ ಮೇಲೆ ಯಾವುದ್ಯಾವುದೋ ಸಂಖ್ಯೆ ಒತ್ತಬೇಡಿ. ಕೆಲವು ಸಲ ತಪ್ಪಿದರೆ ಬೀಗ ಶಾಶ್ವತವಾಗಿ ಬಿದ್ದುಹೋಗಬಹುದು. ಐಫೋನಿನಲ್ಲಿ ಬೀಗ ಇದೆಯೋ ಇಲ್ಲವೋ ತಿಳಿಯಲು ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂಬಲ್ಲಿ ಕೆಳಗೆ ನೋಡಿ. ಕ್ಯಾರಿಯರ್ ಲಾಕ್ ಎದುರಿಗೆ "ನೋ ಸಿಮ್ ರಿಸ್ಟ್ರಿಕ್ಷನ್ಸ್" ಅಂತ ಇದ್ದರೆ ಬೀಗವಿಲ್ಲ.

ಹುಷಾರಾಗಿರಿ!

ಪೇಟೆಯಲ್ಲಿ "ಐನೂರು ಕೊಡಿ, ಅರ್ಧ ಗಂಟೆಯಲ್ಲಿ ತೆಗೆದುಕೊಡ್ತೀನಿ" ಅನ್ನುವವರು ಸಿಗುತ್ತಾರೆ. ಆದರೆ ಈ ಬೀಗದ ನಿಜವಾದ ದಾಖಲೆ ಕಂಪನಿಯ ಬಳಿ ಇರುವಾಗ, ಅಡ್ಡದಾರಿಯ ಕೆಲಸ ನಿಲ್ಲುತ್ತದೆಂಬ ಭರವಸೆ ಇಲ್ಲ. ಅಲ್ಲದೆ ಇಂದಿನ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಸಂದೇಶ, ಮನೆಯ ಫೋಟೋ ಎಲ್ಲವೂ ಇರುತ್ತವೆ. ಬೀರುವಿನ ಕೀಲಿಯನ್ನು ಗುರುತಿಲ್ಲದವರ ಕೈಗೆ ಕೊಡುತ್ತೀರಾ? ಇದೂ ಹಾಗೆಯೇ.

ಇನ್ನೊಂದು ಮಾತು. ಎಲ್ಲ ಬೀಗವೂ ಕಂಪನಿಯ ಬೀಗವಲ್ಲ. ಹಿಂದೆ ಬಳಸಿದವರ ಗೂಗಲ್ ಅಥವಾ ಆಪಲ್ ಖಾತೆಯ ಗುಪ್ತಪದ ಕೇಳುತ್ತಿದ್ದರೆ ಅದನ್ನು ಅವರೇ ತೆಗೆಯಬೇಕು. ಇಲ್ಲೇ ಯಾರಿಂದಲಾದರೂ ಹಳೆಯ ಫೋನು ಕೊಳ್ಳುವಾಗ, ಅದು ಕಳವಿನದೆಂದು ದಾಖಲಾಗಿದೆಯೇ ಅಂತಲೂ ನೋಡಿಕೊಳ್ಳಿ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಐಎಂಇಐ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳಿಸಿದರೆ ಉತ್ತರ ಬರುತ್ತದೆ.

ಬೀಗ ತೆಗೆದ ಮೇಲೆ

ಬೀಗ ಹೋದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದಲ್ಲ. ಅಮೆರಿಕದ ಕೆಲವು ಅಗ್ಗದ ಫೋನುಗಳು ನಮ್ಮಲ್ಲಿನ ತರಂಗಗಳನ್ನೆಲ್ಲ ಹಿಡಿಯವು. ಜಿಯೋದಲ್ಲಿ 2ಜಿ, 3ಜಿ ಇಲ್ಲ. 4ಜಿಯಲ್ಲೇ ಮಾತಾಡುವ ವೋಲ್ಟಿ ಸೌಲಭ್ಯ ಫೋನಿನಲ್ಲಿ ಹೊಂದಿಕೆಯಾಗದಿದ್ದರೆ ಇಂಟರ್‌ನೆಟ್ ಬಂದರೂ ಕರೆ ಹೋಗದಿರಬಹುದು. 2022ರಲ್ಲಿ ಬಂದ ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಇಡುವ ಜಾಗವೇ ಇಲ್ಲ! ಅಂಥದಕ್ಕೆ ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಸಿಕೊಳ್ಳಬೇಕು. ಏರ್‌ಟೆಲ್, ಜಿಯೋ, ವಿಐ ಮೂರೂ ಮಾಡಿಕೊಡುತ್ತವೆ.

ಬೀಗ ತೆಗೆಯಲಾಗದೇ ಹೋದರೂ ಫೋನನ್ನು ಎಸೆಯಬೇಡಿ. ಸಾಮಾನ್ಯವಾಗಿ ಮನೆಯ ವೈಫೈನಲ್ಲಿ ಅದು ನಡೆಯುತ್ತದೆ. ಮೊಮ್ಮಕ್ಕಳ ಮುಖ ನೋಡಿ ಮಾತಾಡಲು, ಹಾಡು ಕೇಳಲು, ಅಡುಗೆಮನೆಯಲ್ಲಿಟ್ಟು ಹೊಸರುಚಿ ನೋಡಲು ಧಾರಾಳ ಸಾಕು.

ಮಕ್ಕಳಿಗೆ ಹೇಳಿ

ಬೀಗ ಅನಿವಾರ್ಯವೇನಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಕಂಪನಿಗಳು ಬೀಗ ಹಾಕಿದ ಹೊಸ ಫೋನು ಮಾರುವಂತಿಲ್ಲ. ನಮ್ಮಲ್ಲೂ 2017ರಲ್ಲಿ ಬಂದ ಜಿಯೋಫೋನಿನಂಥ ಕೆಲವನ್ನು ಬಿಟ್ಟರೆ ಅಂಗಡಿಯ ಫೋನುಗಳಿಗೆ ಬೀಗವಿರುವುದು ಅಪರೂಪ.

ಆದ್ದರಿಂದ ಮುಂದಿನ ಸಲ ಮಗನೋ ಮಗಳೋ "ಅಮ್ಮಾ, ನಿನಗೆ ಏನು ತರಲಿ?" ಅಂತ ಕೇಳಿದಾಗ ಸಂಕೋಚ ಬಿಟ್ಟು ಹೇಳಿ: "ಫೋನು ತರುವುದಾದರೆ ಅನ್‌ಲಾಕ್ ಆದದ್ದನ್ನೇ ತಾ. ಬೀಗವಿರುವುದಾದರೆ ಅಲ್ಲಿಂದ ಹೊರಡುವ ಮುಂಚೆಯೇ ತೆಗೆಸಿ, ಬೇರೆ ಕಂಪನಿಯ ಸಿಮ್ ಹಾಕಿ ನೋಡಿಕೊಂಡು ಬಾ." ಬೀರುವಿನಲ್ಲಿ ಈಗಾಗಲೇ ಒಂದು ಮಲಗಿದ್ದರೆ, ಇವತ್ತೇ ಅದರ 15 ಅಂಕಿ ಕಳಿಸಿ. ಉಡುಗೊರೆ ಕೊಟ್ಟವರಿಗೆ ಅದು ಬಳಕೆಗೆ ಬರಲಿಲ್ಲ ಅಂತ ತಿಳಿಸುವುದರಲ್ಲಿ ತಪ್ಪೇನಿಲ್ಲ. ನೀವು ಅದರಲ್ಲಿ ಮಾತಾಡಲಿ ಅಂತ ತಾನೇ ಅವರು ತಂದದ್ದು!