ಮೂಗಿನಲ್ಲಿ ರಕ್ತ ಬಂದಾಗ

ಬೇಸಗೆ ಬಂತೆಂದರೆ ಮಿಯಾಪುರದ ನಮ್ಮ ಕನ್ನಡ ಮನೆಗಳಲ್ಲಿ ಆಗಾಗ್ಗೆ ಕೇಳಿಬರುವ ಕೂಗು ಒಂದುಂಟು: “ಅಯ್ಯೋ, ಮಗುವಿನ ಮೂಗಿನಲ್ಲಿ ರಕ್ತ!” ಮಲೆನಾಡು, ಕರಾವಳಿಗಳ ತೇವದ ಗಾಳಿಯಲ್ಲಿ ಬೆಳೆದವರಿಗೆ ಇಲ್ಲಿಯ ಒಣ ಸೆಕೆ ಹೊಸದು. (ಕಲಬುರಗಿ, ರಾಯಚೂರಿನ ಬಂಧುಗಳು ಇದನ್ನೋದಿ ನಕ್ಕಾರು.) ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಅಪರೂಪವಲ್ಲ. ಮೂಗಿನ ಒಳಪೊರೆ ಒಣಗಿ ಬಿರಿಯುತ್ತದೆ, ಮಗು ಬೆರಳು ಹಾಕುತ್ತದೆ, ಮಿಕ್ಕದ್ದನ್ನು ಹೇಳಬೇಕಾದುದಿಲ್ಲ.

ಹೋದ ಬೇಸಗೆ ನಮ್ಮ ಮನೆಯಲ್ಲಿಯೇ ಹೀಗಾಯಿತು. ಏಳು ವರ್ಷದ ಮಗನನ್ನು ಅಂಗಾತ ಮಲಗಿಸಿ, ನೆತ್ತಿಗೆ ತಣ್ಣೀರು ತಟ್ಟಿ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದೆವು. ಸ್ವಲ್ಪ ಹೊತ್ತಿನಲ್ಲಿ ಅವನು ರಕ್ತವನ್ನೇ ವಾಂತಿಮಾಡಿದಾಗ ಎಲ್ಲರ ಕೈಕಾಲು ತಣ್ಣಗಾದುವು. ಅಜ್ಜಿ ದೇವರಿಗೆ ಮುಡಿಪು ಕಟ್ಟಿಟ್ಟರು. ಆಮೇಲೆ ವೈದ್ಯರು ತಿಳಿಯಹೇಳಿದರು: ಅದು ಹೊಟ್ಟೆಯ ರಕ್ತವಲ್ಲ, ಮಲಗಿಸಿದ್ದರಿಂದ ಗಂಟಲಿಗಿಳಿದ ಮೂಗಿನ ರಕ್ತ. ತಪ್ಪು ನಮ್ಮದೇ.

ಮಾಡತಕ್ಕದ್ದು ಬಹಳ ಸುಲಭ. ನೆಟ್ಟಗೆ ಕೂರಿಸಿ ತಲೆಯನ್ನು ತುಸು ಮುಂದಕ್ಕೆ ಬಾಗಿಸಬೇಕು. ಮೇಲಿನ ಗಟ್ಟಿ ಮೂಳೆಯನ್ನಲ್ಲ, ಅದರ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳುಗಳಿಂದ ಒತ್ತಿ ಹಿಡಿಯಬೇಕು. ಹೊಳ್ಳೆಗಳ ನಡುವಣ ಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿವೆ. ಬಹುಪಾಲು ರಕ್ತಸ್ರಾವ ಅಲ್ಲಿಯದೇ. ಉಸಿರಾಟ ಬಾಯಿಂದ, ಬಾಯಿಗೆ ಬಂದ ರಕ್ತವನ್ನು ನುಂಗದೆ ಉಗುಳಬೇಕು. ಗಡಿಯಾರ ನೋಡಿ 10ರಿಂದ 15 ನಿಮಿಷ ಹಿಡಿದಿರಬೇಕು. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡುವ ಚಪಲವೇ ನಮ್ಮ ಶತ್ರು. ಕಟ್ಟುತ್ತಿದ್ದ ಹೆಪ್ಪು ಕಿತ್ತುಹೋಗಿ ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ನಿಂತ ಮೇಲೂ ಒಂದು ದಿನ ರಭಸದಿಂದ ಸಿಂಬಳ ತೆಗೆಯುವುದು, ಬಿಸಿಬಿಸಿ ಕಾಫಿ, ಓಟ ಬೇಡ. ವೈದ್ಯರ ಸಲಹೆಯಂತೆ ರಾತ್ರಿ ಹೊಳ್ಳೆಯೊಳಗೆ ತೆಳುವಾಗಿ ವಾಸಲೀನ್ ಸವರುತ್ತಿದ್ದೇವೆ, ಗುಣ ಕಂಡಿದೆ.

ಆದರೆ ವೃದ್ಧರ ವಿಷಯ ಬೇರೆ. ಅವರಲ್ಲಿ ಕೆಲವೊಮ್ಮೆ ಮೂಗಿನ ಹಿಂಭಾಗದಿಂದ ರಕ್ತ ಗಂಟಲಿಗಿಳಿಯುತ್ತದೆ. ಅದಕ್ಕೆ ಬೆರಳಿನ ಒತ್ತು ತಾಕದು. ಹೃದಯಕ್ಕೆಂದು ಆಸ್ಪಿರಿನ್ ಮೊದಲಾದ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಕೂಡಲೇ ವೈದ್ಯರನ್ನು ಕಾಣಬೇಕು. ತಲೆಗೆ ಪೆಟ್ಟಾಗಿದ್ದರೆ, ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ತಲೆ ಸುತ್ತಿದರೆ 108ಕ್ಕೆ ಫೋನು ಮಾಡಿರಿ. ಪದೇಪದೇ ರಕ್ತ ಬರುವವರನ್ನು ಕೋಠಿಯ ಸರಕಾರಿ ಕಿವಿ-ಮೂಗು-ಗಂಟಲಿನ ಆಸ್ಪತ್ರೆಗೆ ತೋರಿಸಬಹುದು. ಮಿಯಾಪುರದಲ್ಲಿ ಮೆಟ್ರೋ ಹತ್ತಿ ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣದಲ್ಲಿ ಇಳಿದರಾಯಿತು, ನಡುವೆ ಗಾಡಿ ಬದಲಿಸುವ ಗೋಜಿಲ್ಲ.